ಮೇಣದ ಕಾಲು ಮಾರುವವನ ಬುದ್ಧಿಮಾತು

ವ್ಯಾಪಾರಕ್ಕೆ ಕೂತವರಿಗೆ ನಾನು ಹೇಳುವುದು ಒಂದೇ: ಗಿರಾಕಿಗೆ ಮಾಲಿನ ಗುಣ ಹೇಳ್ರಿ, ಜೀವನದ ಬುದ್ಧಿ ಹೇಳಬ್ಯಾಡ್ರಿ. ಇದನ್ನು ಕಲಿಯುವ ಹೊತ್ತಿಗೆ ನಾನು ಒಬ್ಬ ಮುದುಕಿಯ ಪ್ರಾರ್ಥನೆ ಕೆಡಿಸಿದ್ದೆ.

ಗೋವಾದ ಕೊರ್ಲಿಮ್‌ನ ಫ್ಯಾಕ್ಟರಿ ಬಿಟ್ಟು ಒಂದು ಚರ್ಚಿನ ಗೇಟಿನ ಹತ್ತಿರ ಅಂಗಡಿ ಹಾಕಿದವನು ನಾನು. ಅಂಗಡಿ ಅಂದರೆ ಒಂದು ಮೇಜು, ಒಂದು ಛತ್ರಿ. ಮೇಣದಬತ್ತಿಯ ಜೊತೆಗೆ ಮೇಣದ ಕೈ, ಕಾಲು, ಕಣ್ಣು, ಕೂಸು. ಎಲ್ಲಿ ನೋವೋ ಆ ಅಂಗ ಕೊಂಡು ಒಳಗೆ ಒಪ್ಪಿಸಿ ಹರಕೆ ಹೊರುತ್ತಾರೆ. ನಮ್ಮ ವಿಜಯಪುರದ ಕಡೆ ದೇವಿಗೆ ಬೆಳ್ಳಿ ಕಣ್ಣು ಕೊಡುವುದಿಲ್ಲವೇ, ಹಾಗೆ.

ಗಿರಾಕಿ ಇಲ್ಲದಾಗ ಕಿವಿಗೆ ಇಯರ್‌ಫೋನ್. ಕೊಂಕಣಿಯ ಒಂದು ಪಾಡ್‌ಕಾಸ್ಟ್. ಪಾದ್ರಿಯಾಗಲು ಓದಿ ನಡುವೆ ಬಿಟ್ಟು ಬಂದವನೊಬ್ಬ ಚರ್ಚಿನ ಒಳಗನ್ನು ಬಿಚ್ಚಿ ಬಿಚ್ಚಿ ಹೇಳುತ್ತಿದ್ದ. ಒಪ್ಪಿಸಿದ ಮೇಣ ಮತ್ತೆ ಕರಗಿ ಬತ್ತಿಯಾಗುತ್ತದೆ, ದೇವರ ತನಕ ಏನೂ ಮುಟ್ಟುವುದಿಲ್ಲ ಎಂದ. ಅಷ್ಟು ಓದಿದವನ ಬಾಯಿಂದ ಕೇಳಿ ನಾನೂ ಓದಿದವನಾದೆ ಅನ್ನಿಸಿತು.

ಪ್ರತಿ ಶುಕ್ರವಾರ ಒಬ್ಬ ಮುದುಕಿ ಬಂದು ಒಂದು ಜೊತೆ ಸಣ್ಣ ಕಾಲು ಕೊಳ್ಳುತ್ತಿದ್ದಳು. ಆರು ವರ್ಷವಾದರೂ ನಡೆಯದ ಮೊಮ್ಮಗಳಿಗಾಗಿ. ನಾನು ಆಕೆಗೆ ಮಾಯ್ ಅನ್ನುತ್ತಿದ್ದೆ, ತಾಯಿ ಅಂದ ಹಾಗೆ. ಆಕೆ ನನಗೆ ಬಾಬಾ, ಮಗಾ ಅಂದ ಹಾಗೆ. ಆಡಿದ್ದು ಕೊಂಕಣಿ, ಬರೆಯುವುದು ನನ್ನ ಮಾತಿನಲ್ಲಿ.

"ಈ ಕಾಲಿಗೆ ಬೆರಳೇ ಸರಿ ಮೂಡಿಲ್ಲಲ್ಲೋ ಬಾಬಾ. ರೇಟು ಇಳಸು."

"ಬೆರಳು ದೇವರು ಮೂಡಸ್ತಾನ ಮಾಯ್. ರೇಟು ಮಾತ್ರ ನಂದು."

ಒಂದು ಶುಕ್ರವಾರ ಬುದ್ಧಿ ಹೇಳುವ ಚಟ ತಡೆಯಲಾಗಲಿಲ್ಲ. "ಇದರ ಬದ್ಲಿ ಚಲೋ ಡಾಕ್ಟರ್ ನೋಡ್ರಿ."

"ಡಾಕ್ಟರೆಲ್ಲ ಮುಗದ ಮ್ಯಾಲೇ ನಿನ್ನ ಹತ್ರ ಬಂದೇನಿ."

ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಆಕೆಯ ಫೋನ್ ಇಸಿದುಕೊಂಡು ಆ ಪಾಡ್‌ಕಾಸ್ಟ್ ಹಾಕಿಕೊಟ್ಟೆ. ಉಳಿದ ಗಿರಾಕಿಗಳಿಗೆ ಹಾಕಿಕೊಟ್ಟೆನೇ? ಇಲ್ಲ. ಅವರಿಗೆ ಕಾಲು ಮಾರಿದೆ. ಸತ್ಯ ಹೇಳುವ ಹುರುಪು ಬಂದದ್ದು ರೇಟಿಗೆ ಜಗ್ಗಾಡುವ ಒಬ್ಬಳ ಮುಂದೆ ಮಾತ್ರ.

ಮೂರು ಶುಕ್ರವಾರ ಆಕೆ ಬರಲಿಲ್ಲ. ನಾಲ್ಕನೆಯದಕ್ಕೆ ಬಂದು, ಮೇಜಿನ ಕಡೆ ನೋಡದೆ ಫೋನ್ ಚಾಚಿದಳು.

"ಅವನ್ನ ತೆಗಿ."

"ಯಾಕ ಮಾಯ್, ಸುಳ್ಳು ಹೇಳ್ಯಾನೇನು?"

"ಖರೇನ ಹೇಳ್ಯಾನ. ಈಗ ಮೊಣಕಾಲೂರಿ ಕೂಸಿನ ಹೆಸರು ತಗೊಳ್ಳೂದ್ರಾಗ ಅವನ ಮಾತು ಶುರು ಆಗ್ತಾವ. ಪ್ರಾರ್ಥನಿ ಆತೇನ್ರಿ ಅಂತ ಸೊಸಿ ದಿನಾ ಕೇಳತಾಳ. ಆತು ಅಂತ ಸುಳ್ಳು ಹೇಳಾಕತ್ತೇನಿ."

ತೆಗೆದುಕೊಟ್ಟೆ. ಫೋನಿನಿಂದ ತೆಗೆಯುವುದು ಒಂದು ಬೆರಳಿನ ಕೆಲಸ. ಬೇರೇನೂ ತೋಚದೆ ಒಂದು ಜೊತೆ ಕಾಲು ಆಕೆಯ ಕೈಗಿಟ್ಟೆ. "ಹಂಗ ತಗೋರಿ ಮಾಯ್, ರೊಕ್ಕ ಬ್ಯಾಡ."

ಆಕೆ ಅದನ್ನು ಅತ್ತಿತ್ತ ತಿರುಗಿಸಿ ನೋಡಿ ಮೇಜಿನ ಮೇಲೆ ಇಟ್ಟಳು. "ಇದರ ಮ್ಯಾಲೆ ನಿನಗ ನಂಬಿಕಿ ಅದ ಏನು ಬಾಬಾ?"

ಅಷ್ಟರಲ್ಲಿ ಕೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಬಂದು ನಿಂತಳು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ಬರ್ರಿ ಬರ್ರಿ, ಕೈ ಬೇಕೋ ಕಣ್ಣು ಬೇಕೋ? ಇಲ್ಲಿ ಹೊತ್ತ ಹರಕಿ ಹುಸಿ ಹೋಗಂಗಿಲ್ಲ!"

ಮಾಯ್ ಇನ್ನೂ ಅಲ್ಲೇ ಇದ್ದಳು. ಕೇಳಿಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಅಲ್ಲಿಯ ಮುದುಕಿಯರು ತೊಡುವ ಫ್ರಾಕಿನ ಜೇಬಿಗೆ ಫೋನ್ ಹಾಕಿಕೊಂಡು, ಗೇಟಿನ ಒಳಗೆ ಹೋಗದೆ, ಬಸ್ ಸ್ಟಾಪಿನ ಕಡೆ ತಿರುಗಿದಳು. ನಾನು ಆ ಹೆಂಗಸಿಗೆ ಮೇಣದ ಕೈಯೊಂದನ್ನು ಕಾಗದದಲ್ಲಿ ಸುತ್ತಿಕೊಟ್ಟೆ.