ಮೂರನೆಯ ಸಾಲು ಎರಡು ಸಲ

ಮೂರನೆಯ ಸಾಲನ್ನು ಒಂದು ಸಲ ಅಚ್ಚು ಹಾಕಿಸಬೇಕೋ, ಎರಡು ಸಲವೋ? ಮಗುವಿಗೆ ಹಾಲು ಕುಡಿಸುವಾಗಲೂ ಅದೇ ಚಿಂತೆ, ಬಾಟಲಿ ತೊಳೆಯುವಾಗಲೂ ಅದೇ. ಭಾನುವಾರ ಚರ್ಚಿನಲ್ಲಿ ಅಜ್ಜಿಯ ಸ್ಮರಣೆಯ ಆರಾಧನೆ. ಅಂದು ಎಲ್ಲರಿಗೂ ಹಂಚುವ ಹಾಡಿನ ಹಾಳೆಯ ಕೆಲಸ ಮೊಮ್ಮಗಳ ತಲೆಗೆ ಬಂದಿತ್ತು. ಪ್ರೆಸ್ಸಿನವರು ಹನ್ನೆರಡರೊಳಗೆ ಕಳಿಸಿ ಎಂದಿದ್ದರು. ಆಗಲೇ ಹತ್ತಾಗಿತ್ತು.

ಈ ಮೊಮ್ಮಗಳಿಗೆ ‘ಗಾಬರಿ’ ಎಂದು ಹೆಸರಿಟ್ಟವಳೇ ಅಜ್ಜಿ. ಮಗು ಸೀನಿದರೆ ಥರ್ಮಾಮೀಟರು, ಸೀನದಿದ್ದರೆ ಡಾಕ್ಟರು, ಅದು ಇವಳ ರೀತಿ. “ನಮ್ಮ ಗಾಬರಿ ಬಂದ್ಲಾ? ಇನ್ನು ನಾವೆಲ್ಲ ಹಾಯಾಗಿ ಕೂತ್ಕೋಬಹುದು. ಚಿಂತೆ ಮಾಡೋ ಕೆಲ್ಸ ಅವಳು ನೋಡ್ಕೋತಾಳೆ!” ಎಂದು ಅಜ್ಜಿ ಕಿಟಕಿಯ ಗಾಜು ನಡುಗುವ ಹಾಗೆ ನಗುತ್ತಿದ್ದಳು.

ಅಬ್ಬಾ, ಆ ದನಿ! ಅಷ್ಟು ಕುಳ್ಳಗಿನ ಹೆಂಗಸಿಗೆ ಅಷ್ಟು ದೊಡ್ಡ ದನಿಯನ್ನು ಎಲ್ಲಿ ತುಂಬಿಟ್ಟಿದ್ದನೋ ದೇವರೇ ಬಲ್ಲ. ಮೊದಲ ಬೆಂಚಿನಲ್ಲಿ ನಿಂತು ಅವಳು ಬಾಯಿ ತೆರೆದರೆ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರು ತಡಬಡಿಸಿ ಎದ್ದು ನಿಲ್ಲುತ್ತಿದ್ದರು. ಮೂವತ್ತೈದಕ್ಕೆ ಗಂಡನನ್ನು ಕಳೆದುಕೊಂಡು, ಮೂರು ಮಕ್ಕಳನ್ನು ಕಟ್ಟಿಕೊಂಡು, ಆಸ್ಪತ್ರೆಯ ಲಾಂಡ್ರಿಗೆ ಸೇರಿದವಳು ಅವಳು. ಇಪ್ಪತ್ತೊಂಬತ್ತು ವರ್ಷ ಆ ಹಬೆಯಲ್ಲೇ ಬೆಂದಳು. ಒಂದು ಭಾನುವಾರವೂ ಚರ್ಚು ತಪ್ಪಿಸಲಿಲ್ಲ. ಪ್ರಾರ್ಥನೆಯೆಂದರೆ ಅವಳಿಗೆ ಮನೆಯ ಹಿರಿಯರೊಬ್ಬರ ಜೊತೆ ಜಗಳವಾಡಿದ ಹಾಗೆ: “ಮತ್ತೆ ಹೇಳ್ತಿದೀನಿ, ಕಿರಿಯವಳ ಕೆಮ್ಮು ಇನ್ನೂ ಹೋಗಿಲ್ಲ. ಕೇಳಿಸ್ತಾ?” ಚರ್ಚಿನಲ್ಲಿ ಯಾರ ಕೂಸು ಅತ್ತರೂ ಕೈಯಿಂದ ಕಸಿದುಕೊಂಡು ತೊಡೆಗೆ ಹಾಕಿಕೊಳ್ಳುತ್ತಿದ್ದಳು. “ನೀನು ಪಾದ್ರಿಗಳ ಮಾತು ಕೇಳಮ್ಮ, ಇದರ ಮಾತು ನಾನು ಕೇಳ್ತೀನಿ.”

ಬೆಳಗಿನ ಕೀರ್ತನೆಯನ್ನು ಹಾಡುವಾಗ ಮಾತ್ರ ಅವಳು ಪ್ರತಿ ಚರಣದಲ್ಲೂ ಮೂರನೆಯ ಸಾಲನ್ನು ಎರಡು ಸಲ ಹಾಡುತ್ತಿದ್ದಳು. ಪುಸ್ತಕದಲ್ಲಿ ಇರುವುದು ಒಂದೇ ಸಲ. ಆಗ ಆರ್ಗನ್ ನುಡಿಸುತ್ತಿದ್ದ ಮುದುಕರಿಗೆ ಕಿವಿ ಮಂದ. ಕೇಳಿಸುತ್ತಿದ್ದುದು ಅಜ್ಜಿಯ ದನಿಯೊಂದೇ. ಅವರು ಅವಳ ಹಿಂದೆ ಹೋದರು, ಸಭೆ ಅವರ ಹಿಂದೆ ಹೋಯಿತು. ಮಕ್ಕಳು ಹಾಗೇ ಕಲಿತರು, ಮಕ್ಕಳ ಮಕ್ಕಳೂ ಹಾಗೇ ಕಲಿತರು. ಮದುವೆಗೆಂದು ಬೇರೆ ಊರಿನ ಚರ್ಚಿಗೆ ಹೋದಾಗ ಈ ಊರಿನವರ ಬೆಂಚುಗಳಷ್ಟೇ ಒಂದು ಸಾಲು ಹಿಂದೆ ಬೀಳುತ್ತಿದ್ದವು. ಆಗಲೂ “ಇವರಿಗೆ ಸರಿಯಾಗಿ ಹಾಡೋಕೆ ಬರಲ್ಲ” ಎಂದು ಮೂಗು ಮುರಿದದ್ದು ಇವರೇ!

ಅಜ್ಜಿ ಹೋಗಿ ಮೂರು ವಾರವಾಗಿತ್ತು. ಹೊಸದಾಗಿ ಬಂದ ಸಂಗೀತದ ಮೇಷ್ಟ್ರು ಕಳೆದ ಭಾನುವಾರ ಪುಸ್ತಕ ನೋಡಿ ನುಡಿಸಿದರು. ಆರ್ಗನ್ ನಾಲ್ಕನೆಯ ಸಾಲಿನಲ್ಲಿ, ಸಭೆ ಮೂರರಲ್ಲಿ. ಸಂತೆಯೇ ಆಗಿಹೋಯಿತು. ಹೊರಗೆ ಬಂದ ಮೇಲೆ ಮೇಷ್ಟ್ರು ಮೊಮ್ಮಗಳನ್ನು ತಡೆದು ಹೇಳಿದರು: “ನೋಡಿಮ್ಮ, ಸ್ಮರಣೆಗೆ ಬೇರೆ ಸಭೆಗಳಿಂದೆಲ್ಲ ಜನ ಬರ್ತಾರೆ. ಅಜ್ಜಿ ಹೆಸರಲ್ಲಿ ತಪ್ಪು ಹಾಡಿದ್ರೆ ಬಂದವರು ಅಜ್ಜಿಯನ್ನೇ ನೋಡಿ ನಕ್ಕ ಹಾಗಾಗತ್ತೆ. ಪುಸ್ತಕದಲ್ಲಿರೋ ಹಾಗೇ ಅಚ್ಚು ಹಾಕ್ಸಿ.”

ಅಜ್ಜಿಯನ್ನು ನೋಡಿ ನಗುವುದೇ? ಇತ್ತ ಚಿಕ್ಕಮ್ಮನ ಬೆದರಿಕೆ ಬೇರೆ: “ಒಂದೇ ಸಲ ಅಂತ ಹಾಕ್ಸಿದ್ಯೋ, ಸತ್ತ ಮೇಲೆ ನಮ್ಮಮ್ಮನ್ನ ತಿದ್ದೋಕೆ ಹೊರಟ ಹಾಗೆ. ಹುಷಾರ್!” ಬೆಳಗಿನಿಂದ ಮೇಷ್ಟ್ರ ಫೋನು ಎರಡು ಸಲ ಬಂದಿತ್ತು. ಅವಳು ಎತ್ತಲೇ ಇಲ್ಲ.

ಕೊನೆಗೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಉದ್ದಜ್ಜಿಯ ಮನೆಗೆ ಹೊರಟಳು. ಉದ್ದಜ್ಜಿ ಲಾಂಡ್ರಿಯಲ್ಲಿ ಅಜ್ಜಿಯ ಜೋಡಿ. ಬಾಗಿಲು ದಾಟಲು ಈಗಲೂ ತಲೆ ತಗ್ಗಿಸುವ ಹೆಂಗಸು. ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

“ಉದ್ದಜ್ಜಿ, ಬೆಳಗಿನ ಕೀರ್ತನೇಲಿ ಅಜ್ಜಿ ಯಾಕೆ ಮೂರನೇ ಸಾಲು ಎರಡು ಸಲ ಹಾಡ್ತಿದ್ರು? ಮರೆತುಹೋಗ್ತಿತ್ತಾ? ತಪ್ಪು ಕಲ್ತಿದ್ರಾ?”

ಉದ್ದಜ್ಜಿ ಕೆಮ್ಮು ಬರುವಷ್ಟು ನಕ್ಕಳು. “ತಪ್ಪಾ? ಯಾವನೇ ತಪ್ಪು ಅಂದವನು? ಕೂಸನ್ನ ಆ ಮಂಚದ ಮೇಲೆ ಮಲಗಿಸು. ಬಾ ಇಲ್ಲಿ, ಹಿಡಿ ಈ ತುದಿ.”

ಒಗೆದು ಒಣಗಿಸಿದ ದೊಡ್ಡ ಬೆಡ್‌ಶೀಟಿನ ಎರಡು ಮೂಲೆ ಇವಳ ಕೈಗೆ ಬಂದವು. ಇನ್ನೆರಡು ಮೂಲೆ ಹಿಡಿದು ಉದ್ದಜ್ಜಿ ಕೋಣೆಯ ಆ ಕೊನೆಗೆ ನಡೆದಳು. “ಹಾಡು. ನಾನು ಹೇಳಿದ ಹಾಗೆ ಮಾಡು.”

ಮೊದಲನೆಯ ಸಾಲಿಗೆ ಬಟ್ಟೆಯನ್ನು ಎಳೆದು ಕೊಡವಿದರು. ಎರಡನೆಯ ಸಾಲಿಗೆ ಉದ್ದುದ್ದಕ್ಕೆ ಮಡಿಸಿದರು. ಮೂರನೆಯದಕ್ಕೆ ಎದುರುಬದುರಾಗಿ ನಡೆದು ಬಂದು ತುದಿಗೆ ತುದಿ ಕೂಡಿಸಿದರು. ಗಾಬರಿ ನಾಲ್ಕನೆಯ ಸಾಲಿಗೆ ಬಾಯಿ ತೆರೆದಳು.

“ಏಯ್, ನಿಲ್ಲು! ಕೆಳಗೆ ಜೋತು ಬಿದ್ದಿದ್ಯಲ್ಲ, ಆ ಮಡಿಕೆನ ಯಾರು ಎತ್ಕೋತಾರೆ, ನಿಮ್ಮ ಮೇಷ್ಟ್ರಾ? ನಿನ್ನ ತುದಿ ನನ್ನ ಕೈಗೆ ಕೊಟ್ಟು ಅದನ್ನ ಎತ್ಕೊಂಡು ಹಿಂದೆ ಹೋಗು, ಮತ್ತೆ ಬಾ!”

ಮತ್ತೆ ಬರಬೇಕಾದರೆ ಮತ್ತೆ ಮೂರನೆಯ ಸಾಲು! ಗಾಬರಿ ಹಿಂದೆ ಸರಿದಳು, ಹಾಡುತ್ತಾ ಬಂದಳು, ತುದಿ ಕೂಡಿತು. ನಾಲ್ಕನೆಯ ಸಾಲು ಮುಗಿಯುವ ಹೊತ್ತಿಗೆ ಬಟ್ಟೆ ಚೊಕ್ಕವಾಗಿ ಮಡಿಕೆಯಾಗಿ ಉದ್ದಜ್ಜಿಯ ಕೈಯಲ್ಲಿತ್ತು. ಒಂದು ಚರಣಕ್ಕೆ ಒಂದು ಬೆಡ್‌ಶೀಟು!

“ಅಯ್ಯೋ ದೇವರೇ!” ಎಂದು ಅವಳು ಕೂಗಿದ್ದಕ್ಕೆ ಮಂಚದ ಮೇಲಿನ ಮಗು ಕಾಲು ಬಡಿದು ಕೇಕೆ ಹಾಕಿತು.

“ಮತ್ತೇನಂದ್ಕೊಂಡೆ? ಅವಳು ಕುಳ್ಳಿ, ನಾನು ಉದ್ದ. ಅವಳ ಕಡೆ ತುದಿ ಯಾವಾಗ್ಲೂ ನೆಲಕ್ಕೆ ತಾಗೋದು. ಮೇಲ್ವಿಚಾರಕಿ ‘ಮತ್ತೆ ಒಗೀರಿ’ ಅನ್ನೋಳು. ಹಾಡಿಗೆ ಹೆಜ್ಜೆ ಹಾಕೋಕೆ ಶುರು ಮಾಡಿದ್ಮೇಲೆ ಒಂದಾದ್ರೂ ನೆಲ ಮುಟ್ಟಿದ್ರೆ ಕೇಳು.” ಉದ್ದಜ್ಜಿ ಮಡಿಕೆಯ ಮೇಲೆ ಕೈಯಾಡಿಸಿದಳು. “ಗಂಡ ಹೋದ ಮೇಲೆ ಕೆಲಸಕ್ಕೆ ಬಂದಳಲ್ಲ, ಆರು ವಾರ ಬಾಯೇ ಬಿಟ್ಟಿರಲಿಲ್ಲ ಕಣೇ. ಊಟ ಮಾಡು ಅಂದ್ರೆ ತಲೆ ಆಡಿಸೋಳು, ಅಷ್ಟೇ. ಮೊದಲು ದನಿ ಬಂದಿದ್ದು ಈ ಹಾಡಿಗೆ. ಆಮೇಲೆ ಯಾರ ಕೈಲಿ ನಿಲ್ಲಿಸೋಕೆ ಆಯ್ತು?”

ಗಾಬರಿಗೆ ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು. ಇಷ್ಟು ವರ್ಷ ಇಡೀ ಸಭೆ, ಪಾದ್ರಿಗಳು, ಮಕ್ಕಳು ಮರಿ, ಎಲ್ಲರೂ ಭಾನುವಾರ ಎದ್ದು ನಿಂತು ಅಜ್ಜಿಯ ಜೊತೆ ಆಸ್ಪತ್ರೆಯ ಬಟ್ಟೆ ಮಡಿಸುತ್ತಿದ್ದರು! ಒಬ್ಬರಿಗೂ ಗೊತ್ತಿರಲಿಲ್ಲ. ಬಹುಶಃ ಅಜ್ಜಿಗೂ.

ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಅವಳು ಮೇಷ್ಟ್ರಿಗೆ ಫೋನು ಮಾಡಿದಳು.

“ಸರ್, ಮೂರನೇ ಸಾಲು ಎರಡು ಸಲ. ಹಾಗೇ ಅಚ್ಚಾಗತ್ತೆ.”

“ಯಾವ ಪುಸ್ತಕದಲ್ಲಿದೆಯಮ್ಮ ಹಾಗೆ?”

“ಯಾವುದರಲ್ಲೂ ಇಲ್ಲ ಸರ್. ಯಾಕೆ ಅಂತ ಹಾಳೆಯ ಕೆಳಗೆ ನಾನೇ ಬರೀತೀನಿ. ನಗೋರು ಓದಿ ಆಮೇಲೆ ನಗಲಿ.”

“ಆದ್ರೆ ನಾನು ನುಡಿಸೋದು ಹೇಗೆ? ಎಲ್ಲಿ ನಿಲ್ಲಿಸ್ಬೇಕು, ಎಲ್ಲಿ ತಿರುಗಿಸ್ಬೇಕು?”

“ಫೋನ್ ಇಡಬೇಡಿ, ಕೇಳಿಸ್ಕೊಳ್ಳಿ.”

ಸ್ಪೀಕರು ಒತ್ತಿ ಫೋನನ್ನು ಮಗುವಿನ ಪಕ್ಕದಲ್ಲಿಟ್ಟಳು. ಉದ್ದಜ್ಜಿ ಆಗಲೇ ಇನ್ನೊಂದು ಬೆಡ್‌ಶೀಟು ಬಿಡಿಸಿ ಹಿಡಿದು ನಿಂತಿದ್ದಳು.

“ಜೋರಾಗಿ ಹಾಡೇ! ಆ ಮನುಷ್ಯನಿಗೆ ಕೇಳಿಸಬೇಕು.”