ಎಕಂಬಾದ ಬಾವಿಕಟ್ಟೆ ಮತ್ತು ದೇಬೋರಾ ಮೇಡಂ

ಬೀದರ ಜಿಲ್ಲೆಯ ಪ್ರಾಥಮಿಕ ಶಿಕ್ಷಣ ಕ್ಷೇತ್ರದಲ್ಲಿ ಮೂರು ದಶಕಗಳಿಗೂ ಮಿಕ್ಕಿ ದುಡಿದು, ಇದೀಗ ಭಾಲ್ಕಿಯಲ್ಲಿ ಮುಖ್ಯಗುರುಗಳಾಗಿ ನಿವೃತ್ತರಾಗುತ್ತಿರುವ ಕುಮಾರಿ ದೇಬೋರಾ ಅವರು, ಸದ್ದಿಲ್ಲದೆ ಕೆಲಸ ಮಾಡುವುದನ್ನೇ ವ್ರತವಾಗಿಸಿಕೊಂಡವರು. ಸನ್ಮಾನವೆಂದರೆ ಮಾರು ದೂರ ಓಡುವ ಅವರನ್ನು ಈ ಅಭಿನಂದನ ಗ್ರಂಥಕ್ಕೆ ಒಪ್ಪಿಸುವಷ್ಟರಲ್ಲಿ ಸಹೋದ್ಯೋಗಿಗಳಿಗೆ ಸಾಕುಸಾಕಾಯಿತು.

ಬೀದರಿನ ಯೇಸುದಾಸ ಮಾಸ್ತರರ ಒಬ್ಬಳೇ ಮಗಳಾದ ಅವರು, ತಂದೆತಾಯಿಯ ಆರೈಕೆಯಲ್ಲೇ ಮದುವೆಯ ವಯಸ್ಸನ್ನು ದಾಟಿಸಿ, ಇಬ್ಬರೂ ತೀರಿಕೊಂಡ ಮೇಲೆ ಔರಾದ ತಾಲ್ಲೂಕಿನ ಎಕಂಬಾಕ್ಕೆ ವರ್ಗವಾಗಿ ಬಂದರು. ಶಾಲೆಯ ಹತ್ತಿರವೇ ಒಂದು ಖೋಲಿ ಬಾಡಿಗೆಗೆ ಹಿಡಿದರು. ಜ್ವರ ಬಂದ ಮಗುವನ್ನು ತಾವೇ ಎತ್ತಿಕೊಂಡು ಹೋಗಿ ಮನೆಗೆ ಮುಟ್ಟಿಸಿ, ತಾಯಿ ಹೊಲದಿಂದ ಬರುವವರೆಗೆ ತಲೆಯ ಬಳಿ ಕೂತಿರುತ್ತಿದ್ದರು. ಹಗಲು ಹೀಗೆ ಕಳೆಯುತ್ತಿತ್ತು. ಶಾಲೆ ಬಿಟ್ಟ ಮೇಲೆ ಮಾತ್ರ ಹೊತ್ತು ಹೋಗುತ್ತಿರಲಿಲ್ಲ. ಅದಕ್ಕೇ ಸಂಜೆಯಾದರೆ ಕೊಡ ಹಿಡಿದು ಊರ ಬಾವಿಗೆ ಹೊರಡುವರು. ಒಬ್ಬರ ಅಡುಗೆಗೆ ಎಷ್ಟು ನೀರು ಬೇಕು? ಆದರೂ ಎರಡೆರಡು ಸಲ ಹೋಗುವರು. ಬಳೆ ಮಾರುವ ವಜೀರಬೀ ಅಲ್ಲಿ ಊರ ಸುದ್ದಿಯನ್ನೆಲ್ಲ ಹೇಳಿ, ಹೊಟ್ಟೆ ಹುಣ್ಣಾಗುವಂತೆ ನಗಿಸಿ ಕಳಿಸುತ್ತಿದ್ದರು.

ಮುಂದೆ ಮನೆಮನೆಗೆ ನಳ ಬಂತು. ಎಲ್ಲರೂ ಖುಷಿಪಟ್ಟರು, ಮೇಡಂ ಕೂಡ ಖುಷಿಪಟ್ಟರು. ಆದರೆ ಬಾವಿಯ ಕಡೆ ಯಾರೂ ಸುಳಿಯದಾದರು. ಸುತ್ತಲಿನ ಜಾಗದಲ್ಲಿ ಜಾಲಿ ಬೆಳೆಯಿತು, ಕಸ ಬಿತ್ತು. ನಳದ ನೀರು ತುಂಬಿಕೊಳ್ಳಲು ಯಾರೊಡನೆಯೂ ಒಂದು ಮಾತು ಆಡಬೇಕಿರಲಿಲ್ಲ. ಖೋಲಿಯಲ್ಲಿ ಒಂದು ದನಿಯಾದರೂ ಕೇಳಲೆಂದು ಅವರು ಸಂಜೆಯ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳತೊಡಗಿದರು.

ಕೆಲವು ವರ್ಷಗಳ ನಂತರ ಆ ಪಾಳು ಜಾಗವನ್ನು ಏನು ಮಾಡಬೇಕೆಂಬ ಚರ್ಚೆ ಎದ್ದಿತು. ಸಭೆ ಸೇರಿದಾಗಲೆಲ್ಲ ಗಂಟಲು ದೊಡ್ಡದಿದ್ದವರದೇ ಮೇಲುಗೈ. ಆಗ ಮೇಡಂ, ತರಗತಿಯಲ್ಲಿ ಮಕ್ಕಳ ಜಗಳ ಬಿಡಿಸುವ ತಮ್ಮ ಉಪಾಯವನ್ನೇ ಊರಿಗೂ ಸೂಚಿಸಿದರು: ಸಭೆ ಆ ಜಾಗದಲ್ಲೇ ನಡೆಯಲಿ, ಯಾರಿಗೆ ಎಲ್ಲಿ ಏನು ಬೇಕೋ ಅವರು ಅಲ್ಲೇ ಹೋಗಿ ನಿಲ್ಲಲಿ. ಮೀಸೆ ಹೊತ್ತ ಹಿರಿಯರೆಲ್ಲ ಮಕ್ಕಳಂತೆ ಎದ್ದು ನಿಂತರು. ಮಳಿಗೆ ಬೇಕೆಂದವರು ರಸ್ತೆಯ ಬದಿಗೆ, ಮದುವೆಗೊಂದು ಭವನ ಬೇಕೆಂದವರು ನಡುಮಧ್ಯಕ್ಕೆ. ಹೆಂಗಸರು ಬೇಲಿಯಾಚೆ ನಿಂತು ನೋಡಿದರು. ಮೇಡಂ ಒಬ್ಬರೇ ಹೋಗಿ ಬಾವಿಯ ಪಕ್ಕ ನಿಂತರು.

“ಮೇಡಂರಿ, ನಿಮಗ ಅಲ್ಲೇನ್ ಬೇಕ್ರಿ?” ಎಂದರು ಮಳಿಗೆಯವರ ಮುಂದಾಳು ಗೋರಖನಾಥ.

“ಒಂದ್ ಕಟ್ಟಿ ಬೇಕ್ರಿ. ಕೂಡ್ಲಿಕ್ಕ.”

“ಯಾಕ್ರಿ, ಮನ್ಯಾಗ ಕೂಡ್ಲಿಕ್ಕ ಜಾಗಾ ಇಲ್ಲೇನ್ರಿ?”

ಎಲ್ಲರೂ ನಕ್ಕರು.

“ಜಾಗಾ ಅದರಿ,” ಎಂದರು ಮೇಡಂ. “ಮಂದಿ ಇಲ್ರಿ.”

ನಗು ನಿಂತಿತು. ವಜೀರಬೀ ಬೇಲಿ ದಾಟಿ ಬಂದು ಅವರ ಪಕ್ಕ ನಿಂತರು. ಬೇರೆ ಯಾರೂ ಬರಲಿಲ್ಲ. ಆದರೆ ಗೋರಖನಾಥರ ಮುಖ ಸಣ್ಣದಾಗಿತ್ತು. ಮಳಿಗೆ ರಸ್ತೆಯ ಬದಿಗಿರಲಿ, ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ ಸುತ್ತ ಕಟ್ಟೆ ಕಟ್ಟಿಸೋಣ ಎಂದು ಅವರೇ ಹೇಳಿದರು. ಭವನದವರು ಗೊಣಗಿ ಸುಮ್ಮನಾದರು.

ಗೆದ್ದ ಮೇಡಂ ಮಾತ್ರ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂಟಿತನವನ್ನು ಊರ ಮುಂದೆ ಬಿಚ್ಚಿಟ್ಟೆನಲ್ಲ ಎಂಬ ನಾಚಿಕೆ ಅವರನ್ನು ಹಣ್ಣು ಮಾಡಿತು. ಕಟ್ಟೆಯ ಕಲ್ಲು ಬರುವ ಮೊದಲೇ ಭಾಲ್ಕಿಗೆ ವರ್ಗ ಕೇಳಿ ಪಡೆದರು. ಮತ್ತೆ ಎಕಂಬಾದತ್ತ ಮುಖ ಹಾಕಲಿಲ್ಲ. ತಾವೇ ಕೇಳಿ ಪಡೆದ ಕಟ್ಟೆಯ ಮೇಲೆ ಅವರು ಇಂದಿಗೂ ಕೂತವರಲ್ಲ.

ಭಾಲ್ಕಿಯಲ್ಲಿ, ಹೊಸದಾಗಿ ಬಂದ ಶಿಕ್ಷಕಿಯರನ್ನು ಖೋಲಿ ಸಿಗುವವರೆಗೆ ತಮ್ಮಲ್ಲೇ ಇಟ್ಟುಕೊಂಡರು. ಬಂದ ಮೊದಲ ಸಂಜೆ ಯಾರೂ ಒಬ್ಬರೇ ಕೂತು ಉಣ್ಣಬಾರದೆಂಬುದು ಅವರ ಹಟ. ಈ ಸಾಲುಗಳನ್ನು ಬರೆಯುತ್ತಿರುವವಳೂ ಆ ಊಟ ಉಂಡವಳೇ.

ಇನ್ನು ನಿವೃತ್ತಿಯ ನಂತರ, ಬೀದರಿನ ಚಿದ್ರಿಯಲ್ಲಿರುವ ತಮ್ಮ ಮನೆಯಲ್ಲಿ ಅವರ ಸಂಜೆಗಳು ಮತ್ತಷ್ಟು ಉದ್ದವಾಗಲಿವೆ. ಅವರಿಗೆ ದೀರ್ಘಾಯುಷ್ಯವೂ ಕೈತುಂಬ ಕೆಲಸವೂ ಇರಲೆಂದು ಮನಸಾರೆ ಹಾರೈಸುತ್ತ, ಈ ಲೇಖನಕ್ಕಾಗಿ ಎಕಂಬಾಕ್ಕೆ ಹೋದಾಗ ಬಾವಿಕಟ್ಟೆಯ ಮೇಲೆ ಹೆಂಗಸರ ನಡುವೆ ಕೂತಿದ್ದ ಮುದುಕಿ ವಜೀರಬೀ ಹೇಳಿಕಳಿಸಿದ ಮಾತನ್ನು ಇದ್ದಂತೆಯೇ ಅವರಿಗೆ ಮುಟ್ಟಿಸುತ್ತಿದ್ದೇವೆ:

“ಮೇಡಂಗ ಹೇಳ್ರಿ, ನಾಚ್ಕೊಂಡಿದ್ದು ಸಾಕ್ರಿ. ಅವತ್ತ ನಮ್ಮೆಲ್ಲಾರ ಮಾತ ಅವರೇ ಆಡಿದ್ರು. ಉಳಿದೋರಿಗ ಬೇಲಿ ದಾಟ್ಲಿಕ್ಕ ಧೈರ್ಯ ಇರ್ಲಿಲ್ಲ. ಈಗ ಮಂದಿ ಅದಾರ್ರಿ. ನನ್ನ ಬಾಜೂಕ ಅವರ ಜಾಗಾ ಬಿಟ್ಟೇ ಕೂಡ್ತೇವ್ರಿ.”