ಸುರಂಗದ ಬಿಳಿ ಗೂಡುಗಳು

"ಎರಡೂ ಕಡೆಯಿಂದ ಕೊರೀತಾ ಬಂದ್ರಂತೆ. ನಮ್ಮ ತಾತ ಈ ಕಡೆ ಗುಂಪಿನಲ್ಲಿ. ಗುಡ್ಡದ ಹೊಟ್ಟೇಲಿ ಎರಡು ಗುಂಪೂ ಸೇರಿದಾಗ ನೋಡಿದ್ರೆ, ಒಂದು ಗೇಣು ಓರೆ! ತಪ್ಪು ನಿಮ್ದು ಅಂತ ಇವರು, ನಿಮ್ದೇ ಅಂತ ಅವರು. ಆ ಜಗಳ ಮುಗಿಯೋ ಹೊತ್ತಿಗೆ ರೈಲೇ ಓಡೋಕೆ ಶುರುವಾಗಿತ್ತು ಅಂತ ತಾತ ನಗೋರು. ಈಗ್ಲೂ ಗೋಡೆ ಸವರಿದ್ರೆ ಅಲ್ಲೊಂದು ಮೊಣಕೈ ಹಾಗೆ ಸಿಗುತ್ತೆ. ಆಮೇಲೆ ನಮ್ಮಪ್ಪ ಕಾವಲು, ಅಪ್ಪ ಆದ್ಮೇಲೆ ನಾನು. ದಿನಾ ಹಳಿ ನೋಡ್ಕೊಂಡು ಈ ಬಾಯಿಂದ ಆ ಬಾಯಿಗೆ ನಡೆಯೋದು. ಮಧ್ಯೆ ರೈಲು ಬಂದ್ರೆ? ಅದಕ್ಕೇ ಗೋಡೇಲಿ ಗೂಡು ಬಿಟ್ಟಿರೋದು, ಒಬ್ಬ ಮನುಷ್ಯ ನಿಲ್ಲೋವಷ್ಟು. ಸದ್ದು ಆಮೇಲೆ, ಮೊದ್ಲು ಬರೋದು ಗಾಳಿ. ಗಾಳಿ ಕಿವಿ ಮುಟ್ಟಿದ ಕೂಡ್ಲೇ ಗೂಡಿಗೆ ನುಗ್ಗಿ, ಗೋಡೆಗೆ ಮುಖ ಮಾಡಿ, ಬಾಯಿ ಮುಚ್ಕೊಂಡು ನಿಲ್ಬೇಕು. ಕತ್ತಲಲ್ಲಿ ಗೂಡು ಕಾಣ್ಬೇಕಲ್ಲ, ಅದಕ್ಕೇ ವರ್ಷಾ ವರ್ಷಾ ಸುಣ್ಣ. ಹೊಗೆ ಅದನ್ನ ವಾರಕ್ಕೇ ಕರಿ ಮಾಡೋದು ಬೇರೆ ಮಾತು!"

ಸುರಂಗದಜ್ಜ ಇದನ್ನು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಎಲ್ಲಾದರೂ ಮರೆತು ನಿಂತರೆ, ಅಡುಗೆಮನೆಯಿಂದ ಅಜ್ಜಿಯೇ ಮುಂದಿನ ಮಾತು ಎತ್ತಿಕೊಡುತ್ತಿದ್ದಳು.

ಅಜ್ಜಿ ಮದುವೆಯಾಗಿ ಬಂದಾಗ ಇನ್ನೂ ಕಲ್ಲಿದ್ದಲ ಇಂಜಿನ್ನುಗಳ ಕಾಲ. ಗಂಡನ ಅಂಗಿಯ ಬೆನ್ನು ಇದ್ದಿಲು, ಎದೆ ಬಿಳಿ. ನೆನೆಸಿದರೆ ತೊಟ್ಟಿಯ ನೀರು ಶಾಯಿಯಾಗುತ್ತಿತ್ತು. ಎಂದಾದರೂ ಎದೆಯೂ ಕಪ್ಪಾಗಿದ್ದರೆ ಅವಳಿಗೆ ತಿಳಿಯುತ್ತಿತ್ತು, ಇವತ್ತು ಇವರು ಗೂಡು ಮುಟ್ಟುವುದು ತಡವಾಗಿದೆ ಎಂದು. ಕೇಳುತ್ತಿರಲಿಲ್ಲ. ಆ ದಿನ ಅವಳ ಬೈಗುಳ ಮಾತ್ರ ಸ್ವಲ್ಪ ಕಡಿಮೆ.

ಡೀಸೆಲ್ ಬಂತು, ಅಂಗಿಗಳು ಹಗುರಾದವು. ಆಮೇಲೆ ಗುಡ್ಡವನ್ನು ಬಳಸಿ ಹೊಸ ಹಳಿ ಹಾಕಿದರು; ಸುರಂಗದ ಹಳಿ ಕಿತ್ತರು. ಅಜ್ಜ ಮಾತ್ರ ದಿನವೂ ಹೋಗಿ ಬರುತ್ತಿದ್ದ. ಕೊನೆಗೆ, ಕಲ್ಲು ಉದುರುತ್ತಿವೆ, ಎರಡೂ ಬಾಯಿಗೆ ಗೋಡೆ ಕಟ್ಟಿ ಮುಚ್ಚಿಬಿಡುತ್ತೇವೆ ಎಂದು ಮೇಲಿನವರು ಹೇಳಿ ಕಳಿಸಿದರು.

"ಈ ವರ್ಷದ ಸುಣ್ಣ ಆಗಿಲ್ಲ," ಎಂದ ಅಜ್ಜ. "ಗೂಡೆಲ್ಲ ಬಿಳಿ ಆಗೋವರೆಗೆ ನಾನು ಹೊರಗೆ ಬರಲ್ಲ. ಬೇಕಾದ್ರೆ ನನ್ನನ್ನೂ ಸೇರಿಸಿ ಕಟ್ಕೊಳ್ಳಿ."

ತಮಾಷೆಗೆ ಹೇಳುವ ಗಂಡನಲ್ಲ ಎಂದು ಅಜ್ಜಿಗೆ ಗೊತ್ತಿತ್ತು. ಗೋಡೆ ಏಳುವ ದಿನ ಈ ಮನುಷ್ಯ ನಿಜಕ್ಕೂ ಒಳಗೇ ಕೂತುಬಿಟ್ಟರೆ?

ಗೋಡೆ ಕಟ್ಟುವ ಬೆಳಿಗ್ಗೆ ಗಾರೆ ಮೇಸ್ತ್ರಿ ಸುರಂಗದ ಬಾಯಲ್ಲಿ ಇಟ್ಟಿಗೆ ಇಳಿಸುತ್ತಿದ್ದ. "ಅಜ್ಜಾ, ಇನ್ಯಾರು ನಿಲ್ತಾರೆ ಅಂತ ಸುಣ್ಣ? ಬಾವಲಿಗಳಾ?"

"ನಿನ್ನ ಗೋಡೆ ನೀನು ಕಟ್ಟು. ನನ್ನ ಗೂಡು ನಾನು ಬಳೀತೀನಿ."

ಮೇಸ್ತ್ರಿ ಅಜ್ಜಿಯ ಕಡೆ ತಿರುಗಿದ. "ಊಟದ ಹೊತ್ತಿನವರೆಗೆ ಗಾರೆ ಕಲಸಲ್ಲ ಅಜ್ಜಿ. ಆಮೇಲೆ ನನ್ನ ಕೈಲಿಲ್ಲ."

ಅಜ್ಜ ಸುಣ್ಣದ ಬಕೆಟ್ ಎತ್ತಿ ಒಳಗೆ ಹೊರಟ. ಅಜ್ಜಿ ಲಾಂದ್ರ ಹಿಡಿದು ಅವನ ಹಿಂದೆಯೇ ನಡೆದಳು. ಇಷ್ಟು ವರ್ಷ ಸುರಂಗದ ಬಾಯಿಯಿಂದ ಒಳಗೆ ಅವಳು ಕಾಲಿಟ್ಟಿರಲಿಲ್ಲ. ಅದು ಅಜ್ಜನದೇ ಕಾನೂನು. ಇವತ್ತು ಅವನೂ ತಡೆಯಲಿಲ್ಲ.

ಅಜ್ಜ ಬ್ರಷ್ ಅದ್ದಿ ಬಳಿಯುತ್ತಿದ್ದ, ಸುಣ್ಣ ಮೊಣಕೈವರೆಗೆ ಇಳಿಯುತ್ತಿತ್ತು.

"ಮೂಲೆ ಬಿಟ್ರಿ ನೋಡಿ."

"ಲಾಂದ್ರ ನೆಟ್ಟಗೆ ಹಿಡಿಯೇ. ಮೂಲೆ ತಾನಾಗೇ ಬಿಳಿ ಆಗುತ್ತೆ."

ಆ ಓರೆಯ ಜಾಗ ದಾಟಿ ಒಂದು ಗೂಡು ಬಳಿದು ಮುಗಿಸಿದ್ದರಷ್ಟೆ. ಆಚೆ ಬಾಯಿಯಿಂದ ರೈಲಿನ ಕೂಗು ಬಂತು, ಜೊತೆಗೇ ತಣ್ಣನೆಯ ಗಾಳಿ. ಅಜ್ಜ ಬ್ರಷ್ ಎಸೆದು ಹೆಂಡತಿಯ ರಟ್ಟೆ ಹಿಡಿದೆಳೆದು ಗೂಡಿಗೆ ನೂಕಿ, ತಾನೂ ಹಿಂದೆ ನುಗ್ಗಿದ.

"ಬಾಯಿ ಮುಚ್ಕೋ!"

ಒಬ್ಬರ ಜಾಗದಲ್ಲಿ ಇಬ್ಬರು. ಹಸಿ ಸುಣ್ಣ ಅಜ್ಜಿಯ ಮೂಗಿಗೆ ಮೆತ್ತಿತು. ಕೂಗಿದ್ದು ಗುಡ್ಡದಾಚೆಯ ಹೊಸ ಹಳಿಯ ರೈಲು. ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಅಜ್ಜ ಅವಳನ್ನು ಒಳಗೆ ಮಾಡಿ, ತನ್ನ ಬೆನ್ನನ್ನು ಹಳಿಯಿದ್ದ ಕಡೆಗೆ ಕೊಟ್ಟು ನಿಂತಿದ್ದ. ಅವನ ಎದೆ ಹೊಡೆದುಕೊಳ್ಳುವುದು ಅವಳ ಬೆನ್ನಿಗೆ ತಾಗುತ್ತಿತ್ತು. ಇಷ್ಟು ವರ್ಷ ಒಗೆದ ಅಂಗಿಗಳ ಬಿಳಿ ಎದೆಗಳೆಲ್ಲ ಹೀಗೆಯೇ ಹೊಡೆದುಕೊಂಡಿದ್ದವು ಎನ್ನುವುದು ಆಗ ಅವಳಿಗೆ ಗೊತ್ತಾಯಿತು.

ಗಾಳಿ ನಿಂತಿತು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು.

"ಬಂದಿದ್ರೆ ಇಷ್ಟೊತ್ತಿಗೆ ಹೋಗಿರೋದು," ಎಂದ ಅಜ್ಜ.

"ಹೂಂ."

"ಆಚೆಯಿಂದ ಹೋಯ್ತು ಅಲ್ವೇನೇ? ಗುಡ್ಡ ಸುತ್ಕೊಂಡು."

"ಹೂಂ ರೀ."

ಅಜ್ಜ ಈಚೆ ಬಂದು ಲಾಂದ್ರ ಎತ್ತಿ ಅವಳ ಮುಖ ನೋಡಿ ನಕ್ಕುಬಿಟ್ಟ. "ಒಂದು ಗೂಡಿನ ಸುಣ್ಣ ಪೂರ್ತಿ ನಿನ್ನ ಮೂಗಿನ ಮೇಲಿದೆ." ಆಮೇಲೆ ಬ್ರಷ್ ಹುಡುಕಿ ತಂದ. ಮುಂದಿನ ಕರಿ ಗೂಡುಗಳನ್ನು ನೋಡುತ್ತ ನಿಂತ. ಬ್ರಷ್ಷನ್ನು ಬಕೆಟ್ಟಿನಲ್ಲಿ ಇಟ್ಟುಬಿಟ್ಟ.

"ನಡಿ, ಸಾಕು."

"ಇನ್ನೂ ಇದಾವಲ್ರೀ?"

"ಇರ್ಲಿ. ಓಡಿ ಬಂದು ನಿಲ್ಲೋರು ಇದ್ರೆ ತಾನೆ."

ಹೊರಗೆ ಬಿಸಿಲಿಗೆ ಇಬ್ಬರೂ ಕಣ್ಣು ಕಿರಿದು ಮಾಡಿದರು. ಮೇಸ್ತ್ರಿ ಸನಿಕೆ ಹಿಡಿದು ಎದ್ದು ನಿಂತ.

"ಕಟ್ಕೊಳಪ್ಪಾ," ಎಂದ ಅಜ್ಜ. "ಒಳಗೆ ಯಾರೂ ಇಲ್ಲ."

ಮನೆಗೆ ಬಂದಾಗ ನಲ್ಲಿಯಲ್ಲಿ ನೀರು ಬರುತ್ತಿತ್ತು. ಅಜ್ಜಿ ಮುಖ ತೊಳೆದು ಕೊಡ ಹಿಡಿದಳು. ಅಜ್ಜ ತುಂಬಿದ ಕೊಡವನ್ನು ಒಳಗೆ ಹೊತ್ತು ಹಂಡೆಗೆ ಸುರಿದು, ಖಾಲಿ ಕೊಡ ತಂದು ಮತ್ತೆ ನಲ್ಲಿಯ ಕೆಳಗಿಟ್ಟ.